ಹಿತ್ತಲ ಬಾಗಿಲಿನ ಫುಟ್‌ರೆಸ್ಟ್

ಮೊನ್ನೆ ನಮ್ಮ ಬೀದಿಗೆ ಗುಜರಿಯವನು ಬಂದಿದ್ದ. ಹಳೇ ಪೇಪರು, ತೂತಾದ ಬಕೆಟ್ಟು, ಹಿಡಿ ಮುರಿದ ಕುಕ್ಕರು ಎಲ್ಲವನ್ನೂ ಗಾಡಿಗೆ ತುಂಬಿಕೊಂಡ ಮೇಲೆ ಅವನ ಕಣ್ಣು ಹಿತ್ತಲ ಬಾಗಿಲ ಬುಡಕ್ಕೆ ಹೋಯಿತು. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದು ಅಲ್ಲೊಂದು ಕಬ್ಬಿಣದ ತುಂಡನ್ನು ಅಡ್ಡ ಇಟ್ಟಿದ್ದೇನೆ. ಅಂಗೈಯಗಲದ ತಗಡು, ಅದಕ್ಕೆ ಅಂಟಿಕೊಂಡ ಒಂದು ಬಾಗಿದ ಸರಳು.

"ಅದ್ನೂ ಆಕ್ಬುಡಿ ಅಮ್ಮಾರೆ" ಎಂದ.

ನಾನು ಬಾಯಿ ತೆರೆಯುವುದರೊಳಗೆ ನಡುಮನೆಯಿಂದ ನಮ್ಮನೆಯವರ ದನಿ ಬಂತು. "ಕೊಟ್ಬಿಡು ಅದನ್ನ. ಎಡವಿ ಎಡವಿ ನನ್ನ ಹೆಬ್ಬೆರಳೇ ಕಿತ್ತೋಗಿದೆ."

"ಅದು ಕೊಡೋದಲ್ಲ ಕಣಪ್ಪ" ಎಂದು ಗುಜರಿಯವನಿಗೆ ಹೇಳಿದೆ. ಅವನು ಅಷ್ಟರಲ್ಲಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದ. "ಬೈಕಿನ ಲೇಡೀಸ್ ಫುಟ್‌ರೆಸ್ಟ್ ಅಲ್ವರಾ ಇದು? ತಳ ಎಂಗ್ ಸವ್ದದೆ ನೋಡಿ, ಸಾಣೆ ಹಿಡ್ದಂಗೆ" ಎಂದ. ಅವನ ಕೈಯಿಂದ ಇಸಿದುಕೊಂಡು ಮತ್ತೆ ಬಾಗಿಲಿಗೇ ಅಡ್ಡ ಇಟ್ಟೆ.

ಈಗಿನ ಹುಡುಗಿಯರಿಗೆ ಲೇಡೀಸ್ ಫುಟ್‌ರೆಸ್ಟ್ ಎಂದರೆ ಬಿಡಿಸಿ ಹೇಳಬೇಕೋ ಏನೋ. ಅವರು ಎರಡೂ ಕಡೆ ಕಾಲು ಹಾಕಿ, ಕೈಯಲ್ಲಿ ಮೊಬೈಲು ನೋಡುತ್ತಾ ಕೂತು ಹೋಗಿಬಿಡುತ್ತಾರೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನಂಥ ಊರಲ್ಲಿ ಬೈಕಿನ ಹಿಂದೆ ಹೆಂಗಸು ಕೂರುವುದೆಂದರೆ ಒಂದೇ ಮಗ್ಗುಲಿಗೆ, ಎಡಕ್ಕೆ ಮುಖ ಮಾಡಿ. ಮೊಣಕಾಲು ಎರಡೂ ಜೋಡಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಬ್ಯಾಗು, ಬಲಗೈ ಗಂಡನ ಹೆಗಲ ಮೇಲೆ. ಅತ್ತೆ ಬಾಗಿಲಲ್ಲಿ ನಿಂತಿದ್ದರೆ ಬೀದಿ ದಾಟುವವರೆಗೆ ಸೀಟಿನ ಕಂಬಿಯ ಮೇಲೆ. ಸೀರೆ ಚಕ್ರಕ್ಕೆ ಸಿಗದಂತೆ ಒಂದು ಜಾಲರಿ, ಅದರ ಕೆಳಗೆ ಎರಡು ಪಾದ ಊರಿಕೊಳ್ಳುವುದಕ್ಕೆ ಈ ತಗಡು. ಬೈಕು ತಯಾರು ಮಾಡಿದವರು ಅದನ್ನು ಗಂಡಸರಿಗೆಂದೇ ಮಾಡಿದ್ದರು. ನಮ್ಮನ್ನು ಆಮೇಲೆ ಬೋಲ್ಟು ಹಾಕಿ ಸೇರಿಸಿಕೊಂಡರು.

ಹಾಗೆ ಕೂರುವುದರಲ್ಲೂ ಹೆಂಗಸಿನ ಲಕ್ಷಣ ನೋಡುವ ಕಾಲ ಅದು. ಯಾರ ಸೊಸೆ ಹೂವಿನ ಹಾಗೆ ಕೂರುತ್ತಾಳೆ, ಯಾರ ಸೊಸೆ ಮೂಟೆಯ ಹಾಗೆ ಕೂರುತ್ತಾಳೆ ಎಂದು ಜಗಲಿಯ ಮೇಲೆ ತೀರ್ಮಾನವಾಗುತ್ತಿತ್ತು. ನಾನು ಯಾವ ಗುಂಪಿಗೆ ಸೇರಿದ್ದೆ ಎಂಬುದನ್ನು ನನ್ನ ಮದುವೆಯ ಫೋಟೋ ನೋಡಿದವರಿಗೆ ಹೇಳಬೇಕಾಗಿಲ್ಲ. ತವರಿನಲ್ಲಿ ಹಾಲು ಮೊಸರಿಗೆ ಕೊರತೆ ಇರಲಿಲ್ಲ.

ಆದರೆ ವಾಲುವ ವಿದ್ಯೆಯನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ನನ್ನ ತವರು ತಿರುಮಕೂಡಲು ನರಸೀಪುರ. ಸೋದರತ್ತೆಯ ಮನೆ ಹೊಳೆಯ ಆಚೆ ದಡದಲ್ಲಿತ್ತು. ರಜೆ ಬಂತೆಂದರೆ ಹರಿಗೋಲಿನಲ್ಲೇ ಹೋಗುವುದು, ಹರಿಗೋಲಿನಲ್ಲೇ ಬರುವುದು. ಬಿದಿರಿನ ಆ ದುಂಡು ಬುಟ್ಟಿಯೊಳಗೆ ಅವ್ವ, ನಾವು ಹುಡುಗರು, ಒಂದು ಮೂಟೆ ರಾಗಿ, ಕೆಲವು ಸಲ ಒಂದು ಮೇಕೆ. ಹುಟ್ಟು ಹಾಕುವ ಕಾಳಯ್ಯ ಎಂಬುವನು ಹತ್ತಿಸಿಕೊಳ್ಳುವಾಗಲೇ ಎಲ್ಲರಿಗೂ ಗದರುತ್ತಿದ್ದ. "ನಿಗುರ್ಕೊಂಡು ಕೂತ್ಕಬೇಡಿ ಕಣ್ರವ್ವ. ಅದು ಯಾವ್ ಕಡಿಕ್ ವಾಲ್ತದೋ ಆ ಕಡಿಕ್ಕೇ ಮೈ ಬುಡಿ. ಅದ್ರ ಸಂಗ್ಡ ಜಗಳ ಆಡಿದ್ರೆ ನೀರ್ ಕುಡಿಸ್ತದೆ." ಮೇಕೆ ಕೂಡ ಅವನ ಮಾತು ಕೇಳುತ್ತಿತ್ತು. ಎರಡು ಹೊಳೆ ಕೂಡುವ ಕಡೆ ನೀರು ಸುತ್ತುತ್ತದೆ, ಹರಿಗೋಲೂ ಸುತ್ತುತ್ತದೆ. ನಾನು ಕಣ್ಣು ಮುಚ್ಚಿ ಮೈ ಬಿಟ್ಟು ಕೂರುತ್ತಿದ್ದೆ. ಭಯವೆಂಬುದೇ ಇರಲಿಲ್ಲ, ಒಂದು ಸುಖವಿತ್ತು. ಇದನ್ನು ಇಷ್ಟು ಉದ್ದಕ್ಕೆ ಯಾಕೆ ಹೇಳಿದೆನೆಂದರೆ, ಮುಂದೆ ನನಗೆ ವಾಲುವುದಕ್ಕೆ ಬರುವುದಿಲ್ಲ ಎಂದು ಒಂದು ತಾಲ್ಲೂಕಿಗೆ ತಾಲ್ಲೂಕೇ ಹೇಳಿತು.

ನಂಜನಗೂಡಿಗೆ ಮದುವೆಯಾಗಿ ಬಂದಾಗ ಪೇಟೆಯಲ್ಲಿ ಗೊಬ್ಬರ ಬಿತ್ತನೆಬೀಜದ ಅಂಗಡಿ ಇಟ್ಟಿದ್ದ ನಮ್ಮನೆಯವರು ಊರಿಗೇ ಸಾಧು ಮನುಷ್ಯ. ಇವತ್ತಿಗೂ ಹಾಗೇ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದಕ್ಕೂ ನಾಚುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ತಾವೇ ಎದ್ದು ಮೊಸರು ಹಾಕಿಕೊಳ್ಳುತ್ತಾರೆ. ಇಂಥವರು ಬೈಕು ಹತ್ತಿದ ಕೂಡಲೇ ಬೇರೆಯವರಾಗುತ್ತಿದ್ದರು. ಕಪ್ಪು ಟ್ಯಾಂಕಿನ ಬೈಕು. ಅದರ ಕಂಪನಿಯ ಹೆಸರು ಬೇಡ, ಅವರದೇನೂ ತಪ್ಪಿಲ್ಲ.

ನನಗೆ ಹೆಮ್ಮರಗಾಲದ ಕಡೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಗಿರಿ. ಬೆಳಿಗ್ಗೆ ಬಸ್ಸು ಸಿಗುವುದು ಕಷ್ಟವೆಂದು ದಿನಾ ಅವರೇ ಬಿಟ್ಟು ಬರುತ್ತಿದ್ದರು. ದಾರಿಯಲ್ಲಿ ನಾಲೆ ದಾಟಿದ ಮೇಲೆ ಹುಣಸೇಮರದ ಹತ್ತಿರ ಒಂದು ಎಡ ತಿರುವು. ತಿರುವಿಗೆ ಎದುರಾಗಿ ಒಂದು ಚಹಾದಂಗಡಿ, ಅಲ್ಲಿ ಅವರ ಸ್ನೇಹಿತರ ದಂಡು. ಊರಿನಲ್ಲೆಲ್ಲ ಸೈಕಲ್ಲಿಗಿಂತ ನಿಧಾನವಾಗಿ ಹೋಗುತ್ತಿದ್ದ ಮನುಷ್ಯ ಆ ಮರ ಕಂಡ ಕೂಡಲೇ ಭುಜ ತಗ್ಗಿಸುತ್ತಿದ್ದರು. ಬೈಕು ಎಡಕ್ಕೆ ಮಲಗುತ್ತಿತ್ತು. ಮೊದಲು ಸೈಡ್ ಸ್ಟ್ಯಾಂಡಿನ ತುದಿ ರಸ್ತೆಗೆ ಮುಟ್ಟಿ ಟಿಣ್ ಎನ್ನುವುದು. ಅದರ ಹಿಂದೆಯೇ ನನ್ನ ಪಾದದ ಅಡಿಯಲ್ಲಿ ಜರ್ರ್ ಎಂದು ಈ ತಗಡು ಟಾರನ್ನು ಉಜ್ಜಿಕೊಂಡು ಹೋಗುವುದು. ಹಲ್ಲಿನವರೆಗೆ ನಡುಕ ಬರುತ್ತಿತ್ತು. ಕತ್ತಲು ಕವಿದ ಮಳೆಗಾಲದ ಬೆಳಗಾದರೆ ಕಿಡಿ ಕಾಣುತ್ತಿತ್ತಂತೆ. ನನಗೆ ಕಂಡಿಲ್ಲ, ಕಾಣುವ ಹಾಗೆ ನಾನು ಯಾವತ್ತೂ ಬಗ್ಗಿ ನೋಡಿಲ್ಲ.

ಚಹಾದಂಗಡಿಯವರು ಗ್ಲಾಸು ಎತ್ತಿ ಕೂಗುತ್ತಿದ್ದರು. ನಮ್ಮನೆಯವರಿಗೆ "ಕಿಡಿಯಣ್ಣ" ಎಂದು ಹೆಸರಿಟ್ಟಿದ್ದರು. ಭಾನುವಾರ ಅಂಗಳದಲ್ಲಿ ಬೈಕು ಒರೆಸುವಾಗ ಸ್ನೇಹಿತರು ಬಂದರೆ ಇವರು ಫುಟ್‌ರೆಸ್ಟಿನ ತಳವನ್ನು ಕೂಸಿನ ಗಲ್ಲ ಹಿಡಿದಂತೆ ಎತ್ತಿ ತೋರಿಸುತ್ತಿದ್ದರು. ಅವರೆಲ್ಲ ಕೂತು ಅದರ ಹೊಳಪು ಮುಟ್ಟಿ ನೋಡಿ, "ಇಷ್ಟು ಮಲುಗ್ಸಿದೀಯಾ" ಎಂದು ತಲೆದೂಗುತ್ತಿದ್ದರು. ಆ ತಗಡಿನ ಮೇಲ್ಗಡೆ ದಿನಾ ಬೆಳಿಗ್ಗೆ ಎರಡು ಕಾಲು ಇರುತ್ತವೆ ಎಂಬುದು ಆ ಸಭೆಯಲ್ಲಿ ಯಾರಿಗೂ ನೆನಪಾಗಿರಲಿಕ್ಕಿಲ್ಲ. ನೆನಪಾದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನಿಗೆ. "ಟೀಚರಮ್ಮ, ನಿಮ್ದು ಯಾವಾಗ್ಲೂ ಎಡಗಾಲ್ದೇ ಅಂಚು ಸವ್ದಿರ್ತದಲ್ಲ, ಕಾಲೆಳ್ಕೊಂಡ್ ನಡೀತೀರಾ?" ಎಂದು ಕೇಳಿದ್ದ. ಆಗ ಇಲ್ಲ ಎಂದಿದ್ದೆ.

ಇದರಲ್ಲೊಂದು ತಮಾಷೆಯೂ ಇತ್ತು. ಅವರೊಬ್ಬರೇ ಅದೇ ತಿರುವಿನಲ್ಲಿ ಅಷ್ಟೇ ವಾಲಿಸಿದರೆ ಫುಟ್‌ರೆಸ್ಟು ಮುಟ್ಟುತ್ತಿರಲಿಲ್ಲ. ನಾನು ಕೂತರೆ ಮಾತ್ರ ಉಜ್ಜುತ್ತಿತ್ತು. ಹಿಂದೆ ಭಾರ ಬಿದ್ದರೆ ಸ್ಪ್ರಿಂಗು ಕುಗ್ಗಿ ಗಾಡಿ ತಗ್ಗುತ್ತದೆ, ಇದರಲ್ಲಿ ದೊಡ್ಡ ರಹಸ್ಯವೇನೂ ಇಲ್ಲ. ಆದರೆ ಸ್ನೇಹಿತರು ಅದಕ್ಕೂ ನಗುತ್ತಿದ್ದರು. "ಅತ್ಗೆ ಕೂತ್ಕೊಂಡ್ರೇನೇ ಕಿಡಿ ಬರೋದು" ಎನ್ನುತ್ತಿದ್ದರು. ನಾನೂ ನಕ್ಕಿದ್ದೇನೆ. ರಾತ್ರಿ ಒಂದು ಮುದ್ದೆ ಕಡಿಮೆ ಉಂಡು ನೋಡಿದ್ದೂ ಉಂಟು. ಮುದ್ದೆ ಬಿಟ್ಟರೆ ತಿರುವು ನೆಟ್ಟಗಾಗುತ್ತದೆಯೇ?

"ರೀ, ಅದು ಒಂದಲ್ಲ ಒಂದಿನ ಕಚ್ಕೊಳ್ಳತ್ತೆ. ಹಳ್ಳ ಇದ್ರೆ, ಕಲ್ಲಿದ್ರೆ ಏನ್ಮಾಡ್ತೀರಿ?" ಎಂದು ನಾನು ಹೇಳದೆ ಇದ್ದ ದಿನವಿಲ್ಲ.

"ಅದು ನಮಗೆ ಎಚ್ಚರಿಕೆ ಕಣೇ. ಮುಟ್ತು ಅಂದ್ರೆ ಇನ್ನು ವಾಲಬಾರ್ದು ಅಂತ ಅರ್ಥ."

"ಮುಟ್ಟಿದ ಮೇಲೂ ವಾಲ್ತೀರಲ್ಲ."

"ನೀನು ಸುಮ್ನೆ ಮೈ ಬಿಟ್ಟು ಕೂತ್ಕೋ. ಮಿಕ್ಕಿದ್ದು ನಂಗೆ ಬಿಡು."

ಕಾಳಯ್ಯನೂ ಅದನ್ನೇ ಹೇಳಿದ್ದ. ಆದರೆ ಕಾಳಯ್ಯ ಯಾರಿಗೂ ತೋರಿಸುವುದಕ್ಕೆ ಹರಿಗೋಲು ವಾಲಿಸುತ್ತಿರಲಿಲ್ಲ.

ಒಂದು ಸಲ ಧೈರ್ಯ ಮಾಡಿ, ಚೂಡಿದಾರ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರುತ್ತೇನೆ ಎಂದೆ. ಹಾಗೆ ಕೂತರೆ ಆ ತಗಡಿನ ಮೇಲೆ ಕಾಲಿಡುವ ಗೊಡವೆಯೇ ಇರಲಿಲ್ಲ. ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. "ಪಾಠ ಏಳ್ಕೊಡೋ ಎಂಗ್ಸು ಗಂಡಸ್ರಂಗೆ ಕಾಲಗ್ಲಿಸ್ಕೊಂಡು ಓದ್ರೆ ಮಕ್ಳು ಏನ್ ಕಲಿತಾವು?" ಎಂದರು. ನಮ್ಮನೆಯವರು ಬೈಕಿನ ಕನ್ನಡಿ ಒರೆಸಿದರು. ನಾನು ಮೊದಲಿನ ಹಾಗೆಯೇ ಒಂದು ಮಗ್ಗುಲಿಗೆ ಕೂತೆ.

ಆ ವರ್ಷ ಮಳೆ ನಿಂತ ಮೇಲೆ ರಸ್ತೆಗೆ ಹೊಸ ಟಾರು ಹಾಕುತ್ತಿದ್ದರು. ನಮ್ಮಲ್ಲಿ ಟಾರು ಹಾಕುವುದು ಒಂದೇ ಉಸಿರಿಗಲ್ಲ. ಒಂದು ಪಟ್ಟಿ ಹಾಕಿ, ಹಬ್ಬ ಮಾಡಿ, ಆಮೇಲೆ ಇನ್ನೊಂದು ಪಟ್ಟಿ. ಹುಣಸೇಮರದ ತಿರುವಿನಲ್ಲಿ ರಸ್ತೆಯ ನಡುವೆ ಹೊಸ ಟಾರು ನಿಂತು ಅದರ ಅಂಚು ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು. ನಮ್ಮನೆಯವರು ಎಂದಿನಂತೆ ಭುಜ ತಗ್ಗಿಸಿದರು. ಟಿಣ್ ಎಂದಿತು. ಜರ್ರ್ ಎಂದಿತು. ಆಮೇಲೆ ಎಂದೂ ಕೇಳದ ಒಂದು ಸದ್ದು, ಕೊಡಲಿ ಮರಕ್ಕೆ ಕಚ್ಚಿದಂತೆ. ಫುಟ್‌ರೆಸ್ಟು ಆ ಅಂಚಿಗೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಎದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ರಸ್ತೆಯ ಮೇಲಿದ್ದೆ, ಬೈಕು ನನ್ನ ಎಡಗಾಲಿನ ಮೇಲಿತ್ತು. ಅವರು ನಾಲ್ಕು ಮಾರು ಆಚೆ ಮೊಣಕೈ ತರಚಿಕೊಂಡು ಎದ್ದು ನಿಂತಿದ್ದರು.

ಚಹಾದಂಗಡಿಯವರೆಲ್ಲ ಓಡಿ ಬಂದರು. ಯಾರೋ ಬೈಕು ಎತ್ತಿದರು. ಯಾರೋ "ಏನಾಯ್ತಣ್ಣ, ಗಾಡಿ ಏನಾರ ಕೈ ಕೊಡ್ತಾ?" ಎಂದು ಕೇಳಿದರು. ಆಗ ನಮ್ಮನೆಯವರು ಉಸಿರು ತೆಗೆದುಕೊಳ್ಳುತ್ತಾ ಹೇಳಿದ ಮಾತು, ನಾನು ಟಾರಿಗೆ ಕೆನ್ನೆ ಕೊಟ್ಟುಕೊಂಡು ಕೇಳಿದ ಮಾತು, ಇದು.

"ಗಾಡೀದೇನೂ ತಪ್ಪಿಲ್ಲ ಕಣ್ಲಾ. ಇವ್ಳು ನೆಟ್ಟಗೆ ಕೂರ್ಲಿಲ್ಲ."

ನನ್ನ ಕಾಲು ಮುರಿದದ್ದು ಒಂದು ಕಡೆ. ಆ ಮಾತು ಮುರಿದದ್ದು ಇನ್ನೊಂದು ಕಡೆ. ಮೊದಲನೆಯದಕ್ಕೆ ಪಟ್ಟು ಹಾಕಿದರು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಬಂದವರೆಲ್ಲ ಎಳನೀರು, ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಜೊತೆಗೆ ಒಂದೊಂದು ಪಾಠ ತಂದರು. ನಮ್ಮ ಚಿಕ್ಕತ್ತೆಯಂತೂ ಸ್ಟೂಲಿನ ಮೇಲೆ ಒಂದು ಮಗ್ಗುಲಿಗೆ ಕೂತು, ನಾನು ಹೇಗೆ ವಾಲಬೇಕಾಗಿತ್ತೆಂದು ಮಾಡಿ ತೋರಿಸಿದರು. ಸ್ಟೂಲಿನ ಒಂದು ಕಾಲು ಗಿಡ್ಡವಿತ್ತು. ಅವರು ಬೀಳುತ್ತಿದ್ದರು, ನರ್ಸು ಹಿಡಿದುಕೊಂಡಳು. ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ. "ತಗಡು ಟಾರಿನ ಅಂಚಿಗೆ ಸಿಕ್ಕಿಕೊಂಡಿತು" ಎಂದು ಬಂದವರಿಗೆಲ್ಲ ಹೇಳಿದೆ. ಅತ್ತೆ ಮೂಸಂಬಿ ಸುಲಿಯುತ್ತಾ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದರು. ಗಾದೆ ಸುಳ್ಳಾದರೂ ವೇದ ಸುಳ್ಳಾಗದು ಎಂದು ತಿರುಗಿಸಿ ಹೇಳಬೇಕು ಎನಿಸಿತು. ಆ ದಿನ ನೆಲ ನಿಜವಾಗಿಯೂ ಡೊಂಕಾಗಿತ್ತು.

ನರಸೀಪುರದಿಂದ ಅವ್ವ ಬಂದಳು. ಅವಳಾದರೂ ನಂಬುತ್ತಾಳೆ ಎಂದುಕೊಂಡಿದ್ದೆ. ಹರಿಗೋಲಿನಲ್ಲಿ ನನ್ನ ಪಕ್ಕದಲ್ಲಿ ಕೂತವಳು ಅವಳು. ನನ್ನ ತಲೆ ಸವರುತ್ತಾ ಮೆಲ್ಲಗೆ ಹೇಳಿದಳು. "ಅಳಿಯಂದ್ರು ವಾಲ್ದಾಗ ನೀನೂ ಒಸಿ ವಾಲ್ಬುಡ್ಬೇಕಾಗಿತ್ತು ಕಣವ್ವ." ನಾನು ಗೋಡೆಯ ಕಡೆ ತಿರುಗಿಕೊಂಡೆ. ಕಾಲಿಗೆ ಇಟ್ಟಿಗೆ ಕಟ್ಟಿ ಇಳಿಬಿಟ್ಟಿದ್ದರಿಂದ ಪೂರಾ ತಿರುಗುವುದಕ್ಕೂ ಆಗಲಿಲ್ಲ.

ಮೂಳೆ ಕೂಡಿಕೊಂಡಿತು, ಆದರೆ ಪಾದ ಒಂದಿಷ್ಟು ಹೊರಕ್ಕೆ ತಿರುಗಿ ಕೂಡಿಕೊಂಡಿತು. ಅಂದಿನಿಂದ ಕುಕ್ಕರುಗಾಲಿನಲ್ಲಿ ಕೂತು ರಂಗೋಲಿ ಹಾಕಲಾರೆ. ಮಕ್ಕಳ ಜೊತೆ ಕುಂಟಾಬಿಲ್ಲೆ ಆಡಿಸುತ್ತಿದ್ದವಳು ನಾನೇ ಕುಂಟುತ್ತೇನೆ. ಹರಿಗೋಲಿಗೆ ಇಳಿಯಲಾರೆ. ನಾನು ಇದಕ್ಕೆಲ್ಲ ಅತ್ತುಕೊಂಡು ಕೂತವಳಲ್ಲ. ರಸ್ತೆ, ಗಾಡಿ, ಅದೃಷ್ಟ, ಯಾರಿಗೆ ಬೇಕಾದರೂ ಏನು ಬೇಕಾದರೂ ಆಗುತ್ತದೆ. ನನಗೆ ಬೇಕಾಗಿದ್ದದ್ದು ಒಂದು ಮಾತು. ಅದು ನಿನ್ನಿಂದ ಆದದ್ದಲ್ಲ ಎಂದು ಅವರು ಹೇಳಬೇಕಾಗಿತ್ತು. ಊರಿನವರ ಮುಂದೆ ಹೇಳದಿದ್ದರೆ ಬೇಡ, ಅಡಿಗೆಮನೆಯಲ್ಲಿ ಹೇಳಿದ್ದರೂ ಸಾಕಾಗಿತ್ತು.

ಪಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದ ದಿನ ಅಂಗಳದಲ್ಲಿ ಬೈಕು ನಿಂತಿತ್ತು. ಎಡಮಗ್ಗುಲು ಬೋಳಾಗಿ ಕಂಡಿತು. ಜಾಲರಿ ಇತ್ತು, ಅದರ ಕೆಳಗೆ ತಗಡಿರಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಬುಡಕ್ಕೇ ಕತ್ತರಿಸಿ ತೆಗೆಸಿದ್ದರು. ತುಂಡು ಹಿತ್ತಲ ಕೊಟ್ಟಿಗೆಯಲ್ಲಿ ಸೀಮೆಎಣ್ಣೆ ಡಬ್ಬದ ಹಿಂದೆ ಬಿದ್ದಿತ್ತು.

"ಯಾಕೆ ಕಟ್ ಮಾಡಿಸಿದ್ರಿ?" ಎಂದು ಕೇಳಿದೆ.

"ಸುಮ್ನೆ. ಗಲಾಟೆ ಯಾಕೆ ಅಂತ."

"ಅದರಿಂದಲೇ ಬಿದ್ವಿ ಅಂತ ತಾನೆ?"

"ಆಗಿದ್ದು ಆಗೋಯ್ತು ಬಿಡು. ಈಗ ಅದೆಲ್ಲ ಯಾಕೆ?" ಎಂದು ಟವೆಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿಗೆ ಹೋದರು.

ನನಗೆ ಕಾಲಿಡಲು ಇದ್ದ ಜಾಗವನ್ನು ತೆಗೆಸಿದ ಮೇಲೆ ಬೈಕು ಇನ್ನಷ್ಟು ವಾಲುತ್ತಿತ್ತಂತೆ. ಚಹಾದಂಗಡಿಯವರು ಹೇಳಿದ್ದನ್ನು ಕೇಳಿದ್ದೇನೆ. ನಾನು ಆಮೇಲೆ ಬಸ್ಸಿನಲ್ಲೇ ಓಡಾಡಿದೆ. ಕಂಡಕ್ಟರು, "ಮೇಡಮ್ಮೋರು ಅತ್ಕತ್ತಾವ್ರೆ, ಓಲ್ಡಾನ್" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ. ಅವನ ಪ್ರೀತಿ ದೊಡ್ಡದು, ಗಂಟಲೂ ದೊಡ್ಡದು. ಹೊಸದಾಗಿ ಹತ್ತಿದವರು ಕಾಲಿಗೇನಾಯ್ತು ಎಂದು ಕೇಳಿದರೆ ಅಕ್ಕಪಕ್ಕದವರೇ ಉತ್ತರ ಕೊಟ್ಟುಬಿಡುತ್ತಿದ್ದರು. "ಬೈಕ್ನಲ್ಲಿ ನೆಟ್ಗೆ ಕೂತಿರ್ನಿಲ್ಲ, ಪಾಪ." ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ನಾವು ವರ್ಷಗಟ್ಟಲೆ ಉಂಡೆವು, ಮಲಗಿದೆವು. ಅದು ಅಲ್ಲೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ ಅವರಿಗೂ ಸೊಂಟನೋವು ಬಂತು. ಕಿಕ್ಕರ್ ಒದೆಯಲಾರದೆ ಬಟನ್ ಒತ್ತಿದರೆ ಶುರುವಾಗುವ ಸ್ಕೂಟರು ತಂದರು. ಕಪ್ಪು ಬೈಕನ್ನು ಕೊಳ್ಳುವುದಕ್ಕೆ ಬನ್ನೂರಿನ ಕಡೆಯಿಂದ ಒಬ್ಬ ಹುಡುಗ ಬಂದ. ಜೊತೆಗೆ ಹೊಸ ಹೆಂಡತಿ, ಕೈತುಂಬ ಹಸಿರು ಬಳೆ. ಅವಳು ಗೇಟಿನ ಹತ್ತಿರವೇ ನಿಂತಳು. ಹುಡುಗ ಬೈಕನ್ನು ಸುತ್ತಿ, ಬಗ್ಗಿ, ಎಡಮಗ್ಗುಲು ನೋಡಿದ. ನಾನು ಕಾಫಿ ತಟ್ಟೆ ಹಿಡಿದು ಬಾಗಿಲ ಹೊಸ್ತಿಲಿಗೆ ಬಂದಿದ್ದೆ.

"ಲೇಡೀಸ್ ಫುಟ್‌ರೆಸ್ಟ್ ಇಲ್ವಲ್ಲ ಸಾ?"

"ಅದಾ? ತೆಗೆಸ್ಬಿಟ್ಟೆ ಕಣಪ್ಪ" ಎಂದರು ನಮ್ಮನೆಯವರು, ಗಿರಾಕಿಗೆ ಬಿತ್ತನೆಬೀಜದ ಗುಣ ಹೇಳುವ ದನಿಯಲ್ಲಿ. "ತಿರುವ್ನಲ್ಲಿ ನೆಲಕ್ಕೆ ಉಜ್ತಿತ್ತು. ಒಂದ್ಸಲ ಟಾರಿನ ಅಂಚಿಗೆ ಸಿಕ್ಕಾಕ್ಕೊಂಡು ನಾವೇ ಬಿದ್ದೋದ್ವಿ. ಅದು ಇರೋದೇ ಡೇಂಜರ್ರು. ಈಗ ನೋಡು, ಎಷ್ಟು ವಾಲಿಸಿದ್ರೂ ಏನೂ ಮುಟ್ಟಲ್ಲ."

"ಅಕ್ಕೋರ್ಗೆ ಏಟಾಯ್ತಾ ಸಾ?"

"ಇಲ್ಲಿಲ್ಲ. ಸ್ವಲ್ಪ ಕಾಲು, ಅಷ್ಟೇ."

ಹಾಗಾದರೆ ಅವರಿಗೆ ಗೊತ್ತಿತ್ತು. ಬಿದ್ದ ಆ ಕ್ಷಣದಿಂದಲೂ ಗೊತ್ತಿತ್ತು. ನಾನು ಅಷ್ಟು ವರ್ಷ ಕಾದಿದ್ದ ಮಾತನ್ನು ಯಾರೋ ಬನ್ನೂರಿನ ಹುಡುಗನಿಗೆ, ಗಾಡಿ ಸಾಗಿಸುವುದಕ್ಕಾಗಿ, ಕೇಳುವ ಮೊದಲೇ ಕೊಟ್ಟುಬಿಟ್ಟರು. ನಾನು ಹೊಸ್ತಿಲು ದಾಟಿದೆ, ತಟ್ಟೆಯಲ್ಲಿ ಲೋಟ ಸದ್ದು ಮಾಡಿತು. ಅವರು ತಿರುಗಿ ನನ್ನನ್ನು ನೋಡಿದರು. ನಾನು ಕೇಳಿಸಿಕೊಂಡೆನೆಂದು ಅವರಿಗೆ ತಿಳಿಯಿತು, ಅದು ಮುಖದಲ್ಲೇ ಕಂಡಿತು. ಏನಾದರೂ ಹೇಳುತ್ತಾರೆಂದು ನಿಂತೆ. ಕಾಫಿ ತೆಗೆದುಕೊಂಡು ಒಂದು ಗುಟುಕು ಕುಡಿದು, "ಸಕ್ಕರೆ ಸಾಲದು" ಎಂದರು.

ನಾನು ಗೇಟಿನ ಹತ್ತಿರ ಹೋದೆ. ಆ ಹುಡುಗಿಗೆ ಕಾಫಿ ಕೊಟ್ಟು, "ಎರಡೂ ಕಡೆ ಕಾಲು ಹಾಕ್ಕೊಂಡು ಕೂತ್ಕೊಳವ್ವ. ಯಾರು ಏನಂದ್ರೂ ಹಾಗೇ ಕೂತ್ಕೋ" ಎಂದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು ಗಂಡನ ಕಡೆ ನೋಡಿದಳು. ಅವನಿಗೂ ನಗು ಬಂತು. "ನಮ್ಮವ್ಳು ನೆಟ್ಗೆ ಕೂತ್ಕತ್ತಾಳೆ ಬುಡಿ ಅಕ್ಕೋರೆ" ಎಂದ. ಅವಳು ಒಂದು ಮಗ್ಗುಲಿಗೆ ಕೂತಳು. ಕಾಲಿಡಲು ಏನೂ ಇಲ್ಲದೆ ಎರಡು ಪಾದ ಜೋತಾಡುತ್ತಿದ್ದವು. ಬೀದಿಯ ಕೊನೆಯಲ್ಲಿ ಅವರು ಎಡಕ್ಕೆ ತಿರುಗುವವರೆಗೂ ನೋಡುತ್ತಾ ನಿಂತಿದ್ದೆ.

ಅವತ್ತು ಸಂಜೆ ಕೊಟ್ಟಿಗೆಗೆ ಹೋಗಿ, ಸೀಮೆಎಣ್ಣೆ ಡಬ್ಬ ಸರಿಸಿ, ಆ ತುಂಡನ್ನು ತಂದು ಹಿತ್ತಲ ಬಾಗಿಲಿಗೆ ಇಟ್ಟೆ. ಬಾಗಿಲು ತಡೆಯುವುದಕ್ಕೆ ಒಂದು ಕಲ್ಲು ಸಾಕಾಗಿತ್ತು, ಒಪ್ಪುತ್ತೇನೆ. ಬಚ್ಚಲಿಗೆ ಹೋಗುವ ದಾರಿ ಅದು. ಅಂದಿನಿಂದ ಅವರು ಎಡವುತ್ತಲೇ ಇದ್ದಾರೆ.

ಮೊನ್ನೆ ಗುಜರಿಯವನು ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಎಡವಿದರು. ಹೆಬ್ಬೆರಳು ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತು, "ನೋಡು, ರಕ್ತ ಬಂತು. ಕೊಟ್ಬಿಡು ಅಂದ್ನಲ್ಲ ಅದನ್ನ" ಎಂದರು. ನಾನು ಅರಿಶಿನದ ಡಬ್ಬಿ ತಂದು ಅವರ ಪಕ್ಕದಲ್ಲಿಟ್ಟೆ.

"ತಗಡಿನ್ದೇನೂ ತಪ್ಪಿಲ್ಲ ಕಣ್ರೀ" ಎಂದೆ. "ನೀವು ನೆಟ್ಟಗೆ ನಡೀಲಿಲ್ಲ."